ನಾನು ಮಗ್ಗ ನಿಲ್ಲಿಸದ ವರ್ಷ

ಗಣಿತದ ಸರ್ ನಮ್ಮ ಮನೆಗೆ ಬಂದಾಗ ಶಾಲೆ ಶುರುವಾಗಿ ಇನ್ನೂ ತಿಂಗಳು ತುಂಬಿರಲಿಲ್ಲ. ಹತ್ತನೇ ತರಗತಿಯ ಮಕ್ಕಳ ಮನೆಮನೆಗೆ ಹೋಗಿ ತಂದೆತಾಯಿಗೆ ತಿಳಿಹೇಳಬೇಕೆಂದು ಅವರಿಗೆ ಮೇಲಿನವರ ಅಪ್ಪಣೆಯಾಗಿತ್ತಂತೆ. ಹೊಸ್ತಿಲು ದಾಟಿ ಕಾಲಿಟ್ಟವರು ಅಲ್ಲೇ ನಿಂತುಬಿಟ್ಟರು. ಬನಹಟ್ಟಿಯ ನಮ್ಮ ಮನೆಯಲ್ಲಿ ಹೊಸ್ತಿಲು ದಾಟಿದರೆ ಮೊದಲು ಸಿಗುವುದು ಎರಡು ಪವರ್‌ಲೂಮ್ ಮಗ್ಗ. ಅವುಗಳ ನಡುವಿನ ಸಣ್ಣ ದಾರಿಯಲ್ಲಿ ಮೈ ಓರೆ ಮಾಡಿಕೊಂಡು ಒಳಗೆ ಹೋದರೆ ಅಡುಗೆಮನೆ, ಅದರ ಪಕ್ಕ ಒಂದು ಕೋಣೆ. ಅಷ್ಟೇ ಮನೆ. ಆಗ ಎರಡೂ ಮಗ್ಗ ನಡೆಯುತ್ತಿದ್ದವು. ಸರ್ ಏನೋ ಅಂದರು. ನಾನು “ಬರ್ರಿ, ಕುಂದರ್ರಿ” ಎಂದೆ. ಅವರಿಗೆ ಕೇಳಲಿಲ್ಲ. ಕಿವಿಯ ಹತ್ತಿರ ಕೈ ಒಯ್ದು ಅಲ್ಲಾಡಿಸಿದರು. ಮನೆಗೆ ಬಂದ ಗುರುಗಳಲ್ಲವೇ, ಮಗ್ಗ ನಿಲ್ಲಿಸಿದೆ.

ಅವರು ಮೈಸೂರಿನ ಕಡೆಯವರು, ವಯಸ್ಸಿನಲ್ಲಿ ನನಗಿಂತ ಸಣ್ಣವರು. ಮಂಚದ ಮೇಲೆ ಕುಳಿತು ಬೆವರು ಒರೆಸಿಕೊಂಡರು.

“ಅಮ್ಮಾ, ಈ ಸದ್ದಿನಲ್ಲಿ ಮಗು ಹೇಗಮ್ಮ ಓದುತ್ತೆ?”

“ಹೆಂಗ ಓದತಾಳ ಅಂದ್ರ? ಕಣ್ಣೀಲೆ ಓದತಾಳ್ರಿ. ಕಿವೀಲೆ ಓದತಾರೇನ್ರಿ?”

ನನ್ನ ಮಗಳು ಕೋಣೆಯ ಬಾಗಿಲಲ್ಲಿ ನಿಂತು ಹಣೆ ಬಡಿದುಕೊಂಡಳು. ಸರ್ ಮಾತ್ರ ಸಿಟ್ಟಾಗಲಿಲ್ಲ. ಪಾಪ, ಒಳ್ಳೆಯ ಮನುಷ್ಯ. ಹುಡುಗಿ ಜಾಣೆ, ಸ್ವಲ್ಪ ಶಾಂತಿ ಸಿಕ್ಕರೆ ಶಾಲೆಗೇ ಮೊದಲು ಬರುತ್ತಾಳೆ, ಸಾಧ್ಯವಾದರೆ ಈ ಒಂದು ವರ್ಷ ಬೇರೆ ಯಾರಾದರೂ ನೆಂಟರ ಮನೆಯಲ್ಲಿ ಇಟ್ಟು ಓದಿಸಿ ಎಂದರು. ಚಹಾ ಕುಡಿದರು, ಇನ್ನೂ ನಾಲ್ಕು ಮನೆ ಇವೆ ಎಂದು ಎದ್ದು ಹೋದರು. ಅವರು ಓಣಿ ತಿರುಗುವ ಮೊದಲೇ ನಾನು ಎರಡೂ ಮಗ್ಗ ಚಾಲೂ ಮಾಡಿದೆ. ಅವರಿಗೆ ಕೇಳಲಿ ಎಂದೇ ಮಾಡಿದೆ.

ಸದ್ದಿನ ವಿಷಯವನ್ನು ನನಗೆ ಯಾರೂ ಹೇಳಿಕೊಡುವುದು ಬೇಡ. ನಾನು ಬೀಳಗಿ ತಾಲೂಕಿನ ಹಳ್ಳಿಯವಳು. ನಮ್ಮಪ್ಪನದು ಕಬ್ಬಿನ ಹೊಲ. ಅಲ್ಲಿ ಮಧ್ಯಾಹ್ನ ಒಂದು ನಾಯಿ ಬೊಗಳಿದರೆ ಊರಿಗೆಲ್ಲ ಕೇಳುತ್ತದೆ. ಹತ್ತನೇ ಪಾಸಾದ ವರ್ಷವೇ ಲಗ್ನ ಮಾಡಿ ಇಲ್ಲಿಗೆ ಕಳಿಸಿದರು. ಬಂದ ಹೊಸತರಲ್ಲಿ ತಲೆ ಸಿಡಿದುಹೋಗುತ್ತಿತ್ತು. ಕಿವಿಗೆ ಹತ್ತಿ ತುರುಕಿಕೊಂಡು ರೊಟ್ಟಿ ಬಡಿಯುತ್ತಿದ್ದೆ. ಆಗ ಬದುಕಿದ್ದ ಅತ್ತೆ ನನ್ನನ್ನು ನೋಡಿ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು. ಒಂದು ವರ್ಷಕ್ಕೆ ಕಿವಿ ಪಳಗಿತು, ಎರಡನೇ ವರ್ಷಕ್ಕೆ ಕೈಯೂ ಪಳಗಿತು. ಮೂರನೇ ವರ್ಷ ಮಗಳು ಹುಟ್ಟಿದಳು. ಎರಡು ಮಗ್ಗದ ನಡುವೆ ಹಳೆಯ ಸೀರೆಯ ಜೋಳಿಗೆ ಕಟ್ಟಿ ಮಲಗಿಸುತ್ತಿದ್ದೆ. ಮಗ್ಗ ನಡೆದಷ್ಟು ಹೊತ್ತು ಹಾಯಾಗಿ ಮಲಗುತ್ತಿದ್ದಳು, ಕರೆಂಟ್ ಹೋಗಿ ಸದ್ದು ನಿಂತಿತೋ ಕಿಟ್ಟನೆ ಕಿರುಚಿ ಏಳುತ್ತಿದ್ದಳು. ನೇಕಾರರ ಕೂಸುಗಳೆಲ್ಲ ಹಾಗೇ. ಮಗ್ಗದ ಎದುರು ನಾವು ಒದರಾಡಿ ಗಂಟಲು ಹರಿದುಕೊಳ್ಳುವುದಿಲ್ಲ, ತುಟಿ ಆಡಿಸಿದರೆ ಸಾಕು, ಎದುರಿನವರಿಗೆ ತಿಳಿಯುತ್ತದೆ. ನನ್ನ ಮಗಳು ಅಕ್ಷರ ಓದುವ ಮೊದಲು ನನ್ನ ತುಟಿ ಓದಲು ಕಲಿತವಳು.

ಅಂಥವಳಿಗೆ ಶಾಂತಿ ಬೇಕಂತೆ, ಶಾಂತಿ!

ಅದೇ ವಾರ ಜಮಖಂಡಿಯಿಂದ ನನ್ನ ಗಂಡನ ಅಕ್ಕ ಫೋನ್ ಮಾಡಿದರು. ಸರ್ ಬಂದುಹೋದ ಸುದ್ದಿ ಅವರಿಗೆ ಮುಟ್ಟಿಸಿದ್ದು ಯಾರೆಂದು ಕೇಳಬೇಕೇ, ತಮ್ಮನೇ ಮುಟ್ಟಿಸಿದ್ದ. ಅಕ್ಕನದು ಕೋರ್ಟಿನ ಹಿಂದಿನ ಓಣಿಯಲ್ಲಿ ಎರಡಂತಸ್ತಿನ ಮನೆ. ಮಕ್ಕಳಿಬ್ಬರೂ ಓದಿ ದೂರದೂರ ಸೇರಿಕೊಂಡಿದ್ದಾರೆ. ಆ ಮನೆಯಲ್ಲಿ ಗಂಡ ಹೆಂಡತಿ ಕೆಮ್ಮಿದರೂ ಮೆಲ್ಲಗೆ ಕೆಮ್ಮುತ್ತಾರೆ.

“ಹುಡುಗೀನ ಒಂದು ವರ್ಷ ನಮ್ಮಲ್ಲಿ ಕಳಿಸಿ ಕೊಡು. ಮ್ಯಾಲಿನ ಖೋಲಿ ಖಾಲಿನ ಐತಿ. ಇಲ್ಲಿಂದನ ಬಸ್ಸಿಗೆ ಸಾಲಿಗೆ ಹೊಕ್ಕಾಳ, ಬರ್ತಾಳ” ಎಂದರು.

“ಅಕ್ಕಾರ, ಸಾಲಿ ನಮ್ಮ ಮನಿಯಿಂದ ಹತ್ತು ಹೆಜ್ಜಿ ಐತ್ರಿ. ಆಕಿ ಸಾಲಿ ಬಿಟ್ಟ ಮ್ಯಾಲ ಹಡದವ್ವನ ಬಾಗಲಾ ದಾಟಿ ಹೋಗಿ ಬಸ್ ಹತ್ತಬೇಕೇನ್ರಿ?”

“ಸಿಟ್ಟಿಗೇಳಬ್ಯಾಡವಾ. ಹುಡುಗಿ ಭವಿಷ್ಯ ನೋಡು.”

ಭವಿಷ್ಯ ಎಂಬ ಮಾತು ಕೇಳಿದರೆ ನನಗೆ ಈಗಲೂ ಪಿತ್ತ ನೆತ್ತಿಗೇರುತ್ತದೆ. ಆ ವರ್ಷ ಕಿರಾಣಿ ಅಂಗಡಿಯಲ್ಲಿ, ನೀರಿನ ನಳದ ಹತ್ತಿರ, ಮದುವೆಯ ಪಂಕ್ತಿಯಲ್ಲಿ, ಎಲ್ಲಿ ಸಿಕ್ಕರೂ ಎಲ್ಲರ ಬಾಯಲ್ಲೂ ನನ್ನ ಮಗಳ ಭವಿಷ್ಯವೇ. ಹದಿನೈದು ವರ್ಷ ಆಕೆ ಉಂಡಳೋ ಬಿಟ್ಟಳೋ ಕೇಳದವರೆಲ್ಲ ಈಗ ನನಗೆ ಬುದ್ಧಿ ಹೇಳತೊಡಗಿದ್ದರು. ನಾನು ಅಕ್ಕನಿಗೆ ಒಲ್ಲೆ ಎಂದೆ. ಖಡಾಖಂಡಿತ ಒಲ್ಲೆ ಎಂದು ಫೋನ್ ಇಟ್ಟೆ.

ಯಾಕೆ ಒಲ್ಲೆ ಎಂದು ಯಾರೂ ಕೇಳಲಿಲ್ಲ, ಕೇಳಿದ್ದರೂ ಆಗ ಹೇಳುತ್ತಿರಲಿಲ್ಲ. ಈಗ ಹೇಳುತ್ತೇನೆ. ಮುಂದಿನ ಜೂನ್‌ಗೆ ಅವಳು ಹೋಗುವವಳೇ ಎಂದು ನನಗೆ ಗೊತ್ತಿತ್ತು. ಕಾಲೇಜು ನಮ್ಮೂರಲ್ಲೂ ಇವೆ, ಆದರೆ ಅವಳಿಗೆ ಸೈನ್ಸ್ ಬೇಕು, ಅದೂ ಜಮಖಂಡಿಯದೇ ಬೇಕು. ನಸುಕಿನ ಟ್ಯೂಷನ್ನು, ಸಂಜೆಯ ಪ್ರಾಕ್ಟಿಕಲ್ಲು, ಅಂದರೆ ಅಲ್ಲೇ ಇರಬೇಕು. ಅದಾದ ಮೇಲೆ ಬಾಗಲಕೋಟೆಯೋ ಬೆಳಗಾವಿಯೋ. ಒಮ್ಮೆ ಹೊರಗೆ ಕಾಲಿಟ್ಟ ಹೆಣ್ಣುಮಗಳು ಆಮೇಲೆ ಮನೆಗೆ ಬರುವುದು ಚೀಲ ಹಿಡಿದುಕೊಂಡೇ. ನಾನೂ ತವರಿಗೆ ಹಾಗೇ ಹೋದವಳಲ್ಲವೇ. ಬೀಳಗಿಗೆ ಹೋದರೆ ನಮ್ಮವ್ವ ನನಗೆ ತಾಟಿನ ಪಕ್ಕ ನೀರಿನ ತಂಬಿಗೆ ಇಟ್ಟು ಬಡಿಸುತ್ತಿದ್ದಳು, ಬೀಗರಿಗೆ ಇಟ್ಟಂತೆ. ಹೋಗಲಿ, ನಾನು ತಡೆಯುವವಳಲ್ಲ. ನನ್ನಂತೆ ಹತ್ತನೇ ಮುಗಿಸಿ ಕೈತುಂಬ ಬಳೆ ಇಟ್ಟುಕೊಂಡು ಕೂಡುವುದು ಬೇಡ. ಆದರೆ ಈ ವರ್ಷ? ಇದು ನನ್ನದು. ಹದಿನೈದು ವರ್ಷದ ಕೊನೆಗೆ ಉಳಿದ ಈ ಒಂದನ್ನೂ ಕೊಡು ಎಂದರೆ ನಾನು ಕೊಡುವುದಿಲ್ಲ ಎಂದು ನಿರ್ಧಾರ ಮಾಡಿಬಿಟ್ಟೆ.

ಹಾಗೆಂದು ನಾನು ಕಲ್ಲಿನವಳಲ್ಲ. ಸರ್ ಹೇಳಿದ್ದು ತಲೆಯಲ್ಲಿ ಕೊರೆಯುತ್ತಲೇ ಇತ್ತು. ಒಂದು ದಿನ ಸಂಜೆ, ಅವಳು ಪುಸ್ತಕ ಹಿಡಿದು ಕುಳಿತ ಹೊತ್ತಿಗೆ, ಹೋಗಲಿ ಎರಡು ತಾಸು ನಿಲ್ಲಿಸಿ ನೋಡೋಣ ಎಂದು ಎರಡೂ ಮಗ್ಗ ಬಂದ್ ಮಾಡಿದೆ. ಬಲಗಡೆಯ ಮನೆಯಲ್ಲಿ ಆರು ಮಗ್ಗ, ಎಡಗಡೆಯ ಮನೆಯಲ್ಲಿ ನಾಲ್ಕು ನಡೆದೇ ಇದ್ದವು. ನಾನೊಬ್ಬಳು ನಿಲ್ಲಿಸಿದರೆ ಯಾವ ಶಾಂತಿ ಬಂದೀತು? ಬಂದದ್ದು ಬಾಜೂ ಮನೆಯ ಮುದುಕಿ, ಓಣಿಗೆಲ್ಲ ಕಾಕು. ಸೆರಗು ತಲೆಯ ಮೇಲೆ ಎಳೆದುಕೊಂಡು, ಮುಖ ಸಣ್ಣ ಮಾಡಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡೇ ಬಂದರು.

“ಯಾವಾಗ ಆತವಾ? ಬೀಳಗಿ ಕಡೆಯಿಂದ ಫೋನ್ ಬಂತೇನ?”

ನನಗೆ ಮೊದಲು ತಿಳಿಯಲೇ ಇಲ್ಲ. ಆಮೇಲೆ ತಿಳಿಯಿತು. ನಮ್ಮ ಓಣಿಯಲ್ಲಿ ಕರೆಂಟ್ ಇದ್ದೂ ಮಗ್ಗ ನಿಂತಿತೆಂದರೆ ಆ ಮನೆಯಲ್ಲಿ ಯಾರೋ ತೀರಿಕೊಂಡಿದ್ದಾರೆ ಎಂದೇ ಅರ್ಥ. ಹನ್ನೆರಡು ಮಗ್ಗದ ಸದ್ದಿನಲ್ಲಿ ಎರಡು ನಿಂತದ್ದು ಕಾಕುವಿನ ಕಿವಿಗೆ ಹೇಗೆ ಗೊತ್ತಾಯಿತೋ, ಆ ಮುದುಕಿಯನ್ನೇ ಕೇಳಬೇಕು.

“ಯಾರೂ ಸತ್ತಿಲ್ರಿ ಕಾಕು! ಹುಡುಗಿ ಓದಾಕತ್ತಾಳ್ರಿ!”

“ಓದಿದ್ರ ಓದಲೇಳು. ಅದಕ್ಕ ಮಗ್ಗ ಯಾಕ ಬಂದ್ ಮಾಡಿ ಎದಿ ಒಡಸ್ತೀ?” ಎಂದು ಕಾಕು ನನಗೇ ಬೈದು ಹೋದರು. ಒಳಗೆ ನನ್ನ ಮಗಳು ಪುಸ್ತಕ ಮುಖಕ್ಕೆ ಒತ್ತಿಕೊಂಡು ನಗುತ್ತಿದ್ದಳು. “ಸಾಕ ಬೇ ಅವ್ವಾ, ಚಾಲೂ ಮಾಡು. ಇನ್ನೊಂದು ತಾಸು ಬಿಟ್ರ ಹೂವಿನ ಹಾರ ತಗೊಂಡು ಬರ್ತಾರ” ಎಂದಳು. ನಾನು ಚಾಲೂ ಮಾಡಿದೆ. ಅವತ್ತಿನಿಂದ ಆ ವರ್ಷವೆಲ್ಲ ಯಾರು ಏನು ಹೇಳಿದರೂ ನನ್ನದು ಒಂದೇ ಉತ್ತರ, ಮಗ್ಗ ನಿಲ್ಲಿಸುವುದಿಲ್ಲ.

ಸರ್ ಬೆಳಿಗ್ಗೆ ಐದಕ್ಕೆ ಫೋನ್ ಮಾಡಿ ಮಕ್ಕಳನ್ನು ಎಬ್ಬಿಸುತ್ತಿದ್ದರು. ನಾನೇ ಎತ್ತಿ “ಎದ್ದಾಳ್ರಿ ಸರ್, ಓದಾಕತ್ತಾಳ್ರಿ” ಎನ್ನುತ್ತಿದ್ದೆ. ಅವಳು ಚಾದರದೊಳಗೆ ಮುದುಡಿ ಮಲಗಿರುತ್ತಿದ್ದಳು. ಹತ್ತು ನಿಮಿಷ ಅವಳ ತಲೆಯ ಹತ್ತಿರ ಕುಳಿತು ಆಮೇಲೆ ಎಬ್ಬಿಸುತ್ತಿದ್ದೆ. ಎರಡು ಜಡೆ ಹಾಕಿ ಕೆಂಪು ರಿಬ್ಬನ್ ಕಟ್ಟುವುದು ನನ್ನ ಕೆಲಸ. ಅವಳಿಗೆ ತಾನೇ ಹಾಕಿಕೊಳ್ಳಲು ಬರುತ್ತಿತ್ತು, ಎಂಟನೇ ತರಗತಿಯಿಂದಲೇ ಬರುತ್ತಿತ್ತು. ಆದರೂ ಬಾಚಣಿಗೆ ಹಿಡಿದು ಬಂದು ನನ್ನ ಮುಂದೆ ಬೆನ್ನು ಮಾಡಿ ಕೂಡುತ್ತಿದ್ದಳು. ಸಲ್ವಾರಿನ ಅಂಚು ಎರಡು ಸಲ ಬಿಚ್ಚಿ ಇಳಿಸಿದ್ದೆ, ಮೂರನೇ ಸಲಕ್ಕೆ ಇಳಿಸಲು ಬಟ್ಟೆಯೇ ಉಳಿದಿರಲಿಲ್ಲ. ಹೊಸ ಯೂನಿಫಾರ್ಮ್ ಹೊಲಿಸೋಣವೆಂದರೆ, “ಇನ್ನ ನಾಕ ತಿಂಗಳಿಗೆ ಯಾಕ? ಇದ ಕಡೀದು” ಎಂದಳು. ಆ ‘ಕಡೀದು’ ಎಂಬ ಮಾತಿಗೆ ನಾನು ಹರಿಹಾಯ್ದೆ. ಏನು ಕಡೀದು, ಎಲ್ಲಕ್ಕೂ ಕಡೀದು ಕಡೀದು ಎನ್ನುತ್ತೀಯಾ ಎಂದು ರೇಗಿದೆ. ಅವಳು ಪಾಪ, ಬಟ್ಟೆಯ ಮಾತಾಡಿದ್ದಳು. ನನಗೆ ಅಳು ಬಂದದ್ದಕ್ಕೆ ಸಿಟ್ಟು ಮಾಡಿದೆ, ಬೇರೆ ಕಾರಣ ಏನೂ ಇರಲಿಲ್ಲ.

ದೀಪಾವಳಿ ಹೊತ್ತಿಗೆ ನನ್ನ ಗಂಡ ಮುಧೋಳದ ಕಡೆಗೆ ಹೋದರು. ಅಲ್ಲಿ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ನುರಿಸುವ ಹಂಗಾಮಿನಲ್ಲಿ ಅವರಿಗೆ ಕೆಲಸ. ಐದಾರು ತಿಂಗಳು ಅಲ್ಲೇ ವಸತಿ, ವಾರದ ರಜೆ ಸಿಕ್ಕರೆ ಬರುತ್ತಾರೆ. ಹಂಗಾಮು ಶುರುವಾದರೆ ಮನೆಯಲ್ಲಿ ನಾನು, ಅವಳು, ಎರಡು ಮಗ್ಗ. ನಾನು ನೇಯುತ್ತಿದ್ದರೆ ಅವಳು ಕೋಣೆಯಿಂದ ಹೊರಗೆ ಬಂದು, ಮಗ್ಗದ ಆಚೆ ನಿಂತು, ತುಟಿಯಲ್ಲೇ ವಿಜ್ಞಾನದ ಉತ್ತರ ಒಪ್ಪಿಸುತ್ತಿದ್ದಳು. ನನಗೇನು ತಿಳಿಯುತ್ತಿತ್ತು! ಆದರೂ ತಪ್ಪು ಹೇಳಿದವಳಂತೆ ತಡವರಿಸಿದರೆ ಹುಬ್ಬು ಗಂಟಿಕ್ಕುತ್ತಿದ್ದೆ, ಅವಳು ನಾಲಿಗೆ ಕಚ್ಚಿಕೊಂಡು ಒಳಗೆ ಓಡುತ್ತಿದ್ದಳು. ಅಷ್ಟು ಸುಖದ ಚಳಿಗಾಲ ನನಗೆ ಮತ್ತೊಂದು ನೆನಪಿಲ್ಲ.

ಫೆಬ್ರವರಿಯಲ್ಲಿ ಪೂರ್ವಸಿದ್ಧತಾ ಪರೀಕ್ಷೆಯ ಅಂಕ ಬಂದವು. ಉಳಿದದ್ದೆಲ್ಲ ಸರಿ, ಗಣಿತದಲ್ಲಿ ಅರ್ಧಕ್ಕಿಂತ ಕಡಿಮೆ. ಪಾಲಕರ ಸಭೆಯಲ್ಲಿ ಸರ್ ನನಗೆ ಉತ್ತರಪತ್ರಿಕೆ ತೋರಿಸಿದರು. ಲೆಕ್ಕವನ್ನು ಅರ್ಧಕ್ಕೇ ಬಿಟ್ಟುಬಿಟ್ಟಿದ್ದಳು, ಒಂದಲ್ಲ, ನಾಲ್ಕು ಕಡೆ. “ನಾನು ಅವತ್ತೇ ಹೇಳಿದ್ದೆ ಅಮ್ಮಾ” ಎಂದರು. ಜೋರಾಗಿ ಅಂದಿದ್ದರೆ ಜಗಳ ಮಾಡುತ್ತಿದ್ದೆ. ಮೆಲ್ಲಗೆ ಅಂದರು, ನಾನು ಉತ್ತರಪತ್ರಿಕೆ ಮಡಚಿ ಅವರ ಕೈಗೆ ಕೊಟ್ಟೆ.

ಆ ಭಾನುವಾರ ಗಂಡ ಬಂದರು. ರೊಟ್ಟಿ ಮುರಿಯುತ್ತ ಕೆಳಗೆ ನೋಡಿಕೊಂಡೇ ಹೇಳಿದರು.

“ಓದಾಕ ರಜಾ ಬಿಟ್ಟಾರಲ್ಲ. ಪರೀಕ್ಷಾ ಮುಗಿಯೂತನಕರೆ ಅಕ್ಕನ ಮನಿಗೆ ಕಳಸೂಣು. ನಿನ್ನ ಹಟಕ್ಕ ಆಕಿ ವರ್ಷ ಹಾಳಾಗೂದ ಬ್ಯಾಡ.”

“ನಂದ ಹಟ ಏನ್ರಿ?”

“ಹಟ ಅಲ್ದ ಮತ್ತೇನ?”

ನಾನು ಅವರ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದೆ. ಗಂಡನ ಮಾತಿಗೆ ನಾನು ಉತ್ತರ ಕೊಡದೇ ಇದ್ದದ್ದು ನಮ್ಮ ಸಂಸಾರದಲ್ಲಿ ಅದೇ ಮೊದಲು. ಮರುದಿನ ನಾನೇ ಅವಳ ಬಟ್ಟೆ ಮಡಚಿದೆ, ಡಬ್ಬಿಯಲ್ಲಿ ಶೇಂಗಾ ಚಟ್ನಿ ತುಂಬಿದೆ, ನಾನೇ ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಜಮಖಂಡಿಗೆ ಬಿಟ್ಟು ಬಂದೆ. ಅಕ್ಕ ಮೇಲಿನ ಖೋಲಿಯಲ್ಲಿ ಮೇಜಿಗೆ ಹೊಸ ಬಟ್ಟೆ ಹಾಸಿ ಇಟ್ಟಿದ್ದರು. ಕಿಟಕಿಯ ಹೊರಗೆ ಒಂದು ಬೇವಿನ ಗಿಡ. ಸೋತೆನಲ್ಲ ಎಂಬ ಹೊಟ್ಟೆಯುರಿಯಲ್ಲಿ ನಾನು ಅವರ ಮನೆಯ ಚಹಾ ಸಹ ಕುಡಿಯಲಿಲ್ಲ.

ಮುಂದಿನ ದಿನಗಳಲ್ಲಿ ಹೇಳುವಂಥದ್ದೇನೂ ನಡೆಯಲಿಲ್ಲ. ನಸುಕಿನಲ್ಲಿ ಎಚ್ಚರವಾಗುತ್ತಿತ್ತು, ಎಬ್ಬಿಸಲು ಯಾರೂ ಇರುತ್ತಿರಲಿಲ್ಲ. ಒಬ್ಬಳಿಗೆ ರೊಟ್ಟಿ ಬಡಿಯಲು ಬೇಸರ, ಚುರುಮುರಿ ಕಲಸಿಕೊಂಡು ತಿನ್ನುತ್ತಿದ್ದೆ. ಮಗ್ಗದ ಮುಂದೆ ನಿಂತರೆ ಸುಮ್ಮನೆ ಎಳೆ ಹರಿಯುತ್ತಿದ್ದವು. ಅದಕ್ಕೇ ಎಷ್ಟೋ ಹೊತ್ತು ಚಾಲೂ ಮಾಡುವ ಗೊಡವೆಗೇ ಹೋಗುತ್ತಿರಲಿಲ್ಲ. ಮಧ್ಯಾಹ್ನ ಅವಳು ಅಕ್ಕನ ಫೋನಿನಿಂದ ಮಾತಾಡುತ್ತಿದ್ದಳು. ಊಟ ಆತೇನ, ಆತು. ಆರಾಮ ಅದೀಯೇನ, ಆರಾಮ ಅದೀನಿ. ಇಷ್ಟೇ ಮಾತು.

ಒಂಬತ್ತನೇ ದಿನ ಮಧ್ಯಾಹ್ನ ಬಾಗಿಲಲ್ಲಿ ನಿಂತಿದ್ದಳು. ಹೆಗಲಿಗೆ ಚೀಲ, ಕೈಯಲ್ಲಿ ಚಟ್ನಿಯ ಖಾಲಿ ಡಬ್ಬಿ.

“ಅಲ್ಲಿ ಓದಾಕ ಆಗವಲ್ದು ಅವ್ವಾ. ಮನಿ ಸುಮ್ಮ ಅಂದ್ರ ಸುಮ್ಮ ಇರತೈತಿ. ಗಡಿಯಾರ ಟಿಕ್ ಟಿಕ್ ಅಂದ್ರ ತಲಿಯಾಗ ಬಡದಂಗ ಆಗತೈತಿ. ನಿದ್ದಿನೂ ಇಲ್ಲ. ನಂಗ ಮಗ್ಗದ ಸಪ್ಪಳ ಬೇಕು.”

ಅಯ್ಯ ಶಿವನೇ, ಅವತ್ತಿನ ನನ್ನ ಜಂಬವನ್ನು ನೀವು ನೋಡಬೇಕಾಗಿತ್ತು! ಮೊದಲು ಅಕ್ಕನಿಗೆ ಫೋನ್ ಹಚ್ಚಿದೆ. “ನೋಡಿದ್ರ್ಯಾ ಅಕ್ಕಾರ, ನಾ ಹೇಳಿರಲಿಲ್ರ್ಯಾ? ನೇಕಾರ್ರ ಕೂಸರಿ ಅದು” ಎಂದು ಒದರಿದೆ. ಆಮೇಲೆ ಮುಧೋಳಕ್ಕೆ ಹಚ್ಚಿ ಗಂಡನ ನೀರಿಳಿಸಿದೆ. ಹಟ ಅಂತೀರಲ್ಲ, ಈಗ ಏನಂತೀರಿ ಎಂದು ಕೇಳಿದೆ. ಕಾಕುವಿಗೆ ಹೇಳಿದೆ, ಕಿರಾಣಿಯವನಿಗೆ ಹೇಳಿದೆ, ನಳದ ಹತ್ತಿರ ನಿಂತವರಿಗೆಲ್ಲ ಹೇಳಿದೆ. ಸರ್ ದಾರಿಯಲ್ಲಿ ಸಿಕ್ಕಾಗ ಅಡ್ಡಗಟ್ಟಿ ನಿಲ್ಲಿಸಿ, “ನಿಮ್ಮ ಶಾಂತಿ ನನ್ನ ಮಗಳಿಗೆ ಒಗ್ಗಲಿಲ್ರಿ ಸರ್” ಎಂದೆ. ಅವರು ನಕ್ಕರು. ದೊಡ್ಡ ಮನಸ್ಸಿನವರು, ಪರೀಕ್ಷೆಯ ತನಕ ದಿನಾ ಸಂಜೆ ಅವಳನ್ನು ಶಾಲೆಗೆ ಕರೆಸಿ ಗಣಿತ ಹೇಳಿಕೊಟ್ಟರು. ಎರಡೂ ಮಗ್ಗ ಮತ್ತೆ ಭರ್ಜರಿಯಾಗಿ ನಡೆದವು.

ಮೇ ತಿಂಗಳಲ್ಲಿ ಫಲಿತಾಂಶ ಬಂತು. ಫಸ್ಟ್ ಕ್ಲಾಸ್. ಗಣಿತದಲ್ಲಿ ಮಾತ್ರ ತುಸು ಕಡಿಮೆ, ಆದರೂ ಜಮಖಂಡಿಯಲ್ಲಿ ಸೈನ್ಸ್ ಸೀಟಿಗೆ ಅಡ್ಡಿಯಾಗಲಿಲ್ಲ. ಓಣಿಗೆಲ್ಲ ಪೇಡೆ ಹಂಚಿದೆ. “ಮಗ್ಗದ ಸಪ್ಪಳದಾಗ ಓದಿ ಬಂದ ಮಾರ್ಕ್ಸ್ ಇವು” ಎಂದು ಒಬ್ಬೊಬ್ಬರ ಕೈಯಲ್ಲೂ ಪೇಡೆಯ ಜೊತೆ ಆ ಮಾತನ್ನೂ ಇಟ್ಟೆ.

ಜೂನ್ ಬಂತು. ಈ ಸಲ ನಾನು ಒಲ್ಲೆ ಎನ್ನುವ ಹಾಗಿರಲಿಲ್ಲ. ನನ್ನ ವರ್ಷ ಮುಗಿದಿತ್ತು. ಮತ್ತೆ ಅಕ್ಕನ ಮನೆಯ ಅದೇ ಮೇಲಿನ ಖೋಲಿ. ಹೋಗುವ ಹಿಂದಿನ ದಿನ ಅವಳ ಅಪ್ಪ ಹೊಸ ಚೀಲ ತರಲು ಪೇಟೆಗೆ ಹೋಗಿದ್ದರು. ನಾನು ನೇಯುತ್ತಿದ್ದೆ. ಅವಳು ಬಂದು ಮಗ್ಗದ ಆಚೆ ನಿಂತಳು. ಏನೋ ಹೇಳುವುದಿದೆ ಎಂದು ಮುಖ ನೋಡಿದರೇ ತಿಳಿಯುತ್ತಿತ್ತು. ದನಿ ಹೊರಡಿಸದೆ ತುಟಿಯಲ್ಲೇ ಹೇಳಿದಳು.

“ಸಿಟ್ಟಾಗಬ್ಯಾಡ ಅವ್ವಾ. ಅತ್ತಿ ಮನಿಯಾಗ ನಂಗ ಛಲೋ ಓದಾಕ ಬರತಿತ್ತು.”

ಇನ್ನೊಮ್ಮೆ ಹೇಳು ಎಂದು ಕೈ ಮಾಡಿದೆ. ಇನ್ನೊಮ್ಮೆ ಹೇಳಿದಳು. “ನಿದ್ದಿನೂ ಛಲೋ ಬರತಿತ್ತು.”

ಒಂದು ಮಗ್ಗ ನಿಲ್ಲಿಸಿದೆ. ಇನ್ನೊಂದನ್ನೂ ನಿಲ್ಲಿಸಿದೆ.

“ಹಂಗಾದ್ರ ಓಡಿ ಬಂದಿ ಯಾಕ?”

“ನೀ ದಿನಾ ಫೋನ್‌ನ್ಯಾಗ ಆರಾಮ ಅದೀನಿ ಅಂತಿದ್ದಿ. ಹಿಂದ ಮಗ್ಗದ ಸಪ್ಪಳನ ಇರತಿರಲಿಲ್ಲ. ಮೊದಲ್ನೇ ದಿನ ಕರೆಂಟ್ ಹೋಗಿರಬೇಕು ಅನ್ಕೊಂಡ್ನಿ. ಎರಡನೇ ದಿನಾನೂ ಇಲ್ಲ, ಮೂರನೇ ದಿನಾನೂ ಇಲ್ಲ. ಕಾಕುಗ ಫೋನ್ ಹಚ್ಚಿ ಕೇಳಿದ್ನಿ. ಕರೆಂಟ್ ಐತಿ, ನಿಮ್ಮವ್ವ ಸುಮ್ಮನ ಮಗ್ಗದ ಮುಂದ ಕುಂತಿರತಾಳ ಅಂದ್ಳು.” ನಿಂತ ಮಗ್ಗದ ಕಡೆ ಕೈ ತೋರಿಸಿದಳು. “ಹಗಲ ಹೊತ್ತಿನಾಗ ನ‍ಮ್ಮ ಮಗ್ಗ ನಿಂತಾವಂದ್ರ ನಾ ಅಲ್ಲಿ ಹೆಂಗ ಕುಂದರ್ಲಿ ಬೇ?”

ನನಗೆ ಎಲ್ಲಿತ್ತೋ ಸಿಟ್ಟು, ಕೈ ಎತ್ತಿಬಿಟ್ಟೆ. ನನ್ನ ಸಲುವಾಗಿ ಸುಳ್ಳು ಹೇಳಿದೆಯಾ, ನಾನೇನು ಕೂಸೇ, ನಿನ್ನ ಮಾರ್ಕ್ಸಿಗಿಂತ ನಾನು ಹೆಚ್ಚಾದೆನೇ ಎಂದು ಬಾಯಿಗೆ ಬಂದಂತೆ ಬೈದೆ. ಎತ್ತಿದ ಕೈ ಹೊಡೆಯಲಿಲ್ಲ. ಅವಳು ಹಿಂದೆ ಸರಿಯಲೂ ಇಲ್ಲ. ಇಡೀ ಊರಿಗೆ ನಾನು ಸಾರಿಕೊಂಡು ಬಂದಿದ್ದೆನಲ್ಲ, ನನ್ನ ಮಗಳಿಗೆ ಮಗ್ಗದ ಸದ್ದು ಬೇಕು ಎಂದು! ನಾಚಿಕೆಯಿಂದ ಕಿವಿಯೆಲ್ಲ ಬಿಸಿಯಾಯಿತು.

“ಅಲ್ಲೇ ಇದ್ದಿದ್ರ ಗಣಿತದಾಗ ಇನ್ನೂ ಛಲೋ ಬರತಿತ್ತೇನ?” ಎಂದು ಕೇಳಿದೆ.

ಮಗ್ಗದ ಮೇಲಿನ ಹತ್ತಿಯ ಧೂಳನ್ನು ಬೆರಳಿಂದ ಒರೆಸಿದಳು. “ಬರತಿತ್ತೇನೋ” ಎಂದಳು.

ಈ ಸಲ ಸುಳ್ಳು ಹೇಳಲಿಲ್ಲ. ಅದಕ್ಕೇ ಅವಳನ್ನು ತಬ್ಬಿಕೊಂಡು ಅತ್ತೆ. ಅಷ್ಟರಲ್ಲಿ ಹೊರಗೆ ಕಾಕುವಿನ ಚಪ್ಪಲಿಯ ಸದ್ದು ಕೇಳಿತು. “ಯಾರೂ ಸತ್ತಿಲ್ರಿ ಕಾಕು, ಮನಿಗೆ ನಡೀರಿ!” ಎಂದು ಇಬ್ಬರೂ ಒಟ್ಟಿಗೆ ಒದರಿದೆವು.

ಈಗ ನಾನು ತಪ್ಪಾಯಿತು ಎನ್ನುತ್ತೇನೆ ಎಂದು ಯಾರಾದರೂ ಕಾದಿದ್ದರೆ, ಕಾಯಲಿ. ನಾನು ಅನ್ನುವುದಿಲ್ಲ. ಗಣಿತದ ನಾಲ್ಕು ಅಂಕ ಹೋದದ್ದಕ್ಕೆ ನನಗೆ ಸಂಕಟವಿದೆ, ಅದು ಹೋಗುವುದಿಲ್ಲ. ಆದರೆ ಮಗಳ ಕೊನೆಯ ಶಾಲೆಯ ವರ್ಷವನ್ನು ಮನೆಯಲ್ಲಿ ಇಟ್ಟುಕೊಂಡದ್ದಕ್ಕೆ ಯಾವ ಸರ್ ಮುಂದೆಯೂ, ಯಾವ ಅಕ್ಕನ ಮುಂದೆಯೂ ನಾನು ತಲೆ ತಗ್ಗಿಸುವವಳಲ್ಲ. ಆ ವರ್ಷ ನಾನು ಕಿತ್ತುಕೊಂಡೆ ಎಂದುಕೊಂಡಿದ್ದೆ. ಅವಳೂ ಅದರಲ್ಲಿ ಒಂದಿಷ್ಟು ಕೊಟ್ಟಿದ್ದಳು. ಕೊಟ್ಟದ್ದನ್ನು ಹಿಂದೆ ಕೊಡಲು ಬರುವುದಿಲ್ಲವಲ್ಲ. ಬೇಕಾದರೆ ಮುಂದಿನದನ್ನು ಬಿಟ್ಟುಕೊಡಬಹುದು.

ಅದನ್ನೇ ಮಾಡಿದೆ. ಜಮಖಂಡಿಯಲ್ಲಿ ಅವಳನ್ನು ಬಿಟ್ಟು ಬರುವಾಗ ಅಕ್ಕನ ಮನೆಯಲ್ಲಿ ಎರಡು ಕಪ್ ಚಹಾ ಕುಡಿದೆ. ಬಾಗಿಲಲ್ಲಿ ನಿಂತು, “ವಾರ ವಾರ ಓಡಿ ಬರಬ್ಯಾಡ. ಬಂದಿ ಅಂದ್ರ ಬಾಗಲಾ ತಗಿಯೂದಿಲ್ಲ ನೋಡು” ಎಂದೆ. ಅವಳು ನಕ್ಕಳು. ನಾನು ನಗಲಿಲ್ಲ.

ಮಳೆಗಾಲದಲ್ಲಿ ಅಷ್ಟು ತಿಳಿಯಲಿಲ್ಲ, ಗಂಡ ಮನೆಯಲ್ಲೇ ಇದ್ದರು. ದೀಪಾವಳಿ ಮುಗಿಯಿತು, ಹಂಗಾಮು ಶುರುವಾಯಿತು, ಅವರು ಮುಧೋಳಕ್ಕೆ ಹೋದರು. ಈಗ ಮನೆಯಲ್ಲಿ ನಾನೊಬ್ಬಳು. ಮಧ್ಯಾಹ್ನ ಉಂಡ ಮೇಲೆ ಒಮ್ಮೊಮ್ಮೆ ಕೆಲಸಕ್ಕೆ ಮನಸ್ಸಾಗುವುದಿಲ್ಲ, ಮಗ್ಗ ಬಂದ್ ಮಾಡಿ ಸುಮ್ಮನೆ ಕುಳಿತುಬಿಡುತ್ತೇನೆ. ಕಾಕುವಿಗೆ ಹೇಳಿಟ್ಟಿದ್ದೇನೆ, ಹುಡುಗಿಗೆ ಏನಾದರೂ ಸುದ್ದಿ ಹೇಳಿದರೆ ನಿಮ್ಮ ಮನೆಯ ಹೊಸ್ತಿಲು ತುಳಿಯುವುದಿಲ್ಲ ಎಂದು. ಕಾಲೇಜು ಬಿಟ್ಟ ಮೇಲೆ, ಐದರ ಸುಮಾರಿಗೆ, ಅವಳ ಫೋನ್ ಬರುತ್ತದೆ. ನಾನು ತಕ್ಷಣ ಎತ್ತುವುದಿಲ್ಲ. ಅದು ಹೊಡೆದುಕೊಳ್ಳುತ್ತಿರಲಿ ಎಂದು ಎದ್ದು ಹೋಗಿ ಮೊದಲು ಒಂದು ಮಗ್ಗದ ಸ್ವಿಚ್ ಹಾಕುತ್ತೇನೆ, ಆಮೇಲೆ ಇನ್ನೊಂದರದು. ಎರಡೂ ಜೋರು ಹಿಡಿದ ಮೇಲೆ ಫೋನ್ ಕಿವಿಗೆ ಹಚ್ಚುತ್ತೇನೆ.

“ಅವ್ವಾ, ಆರಾಮ ಅದೀಯೇನ?”

“ಏನ? ಕೇಳವಲ್ದು, ಜ್ವಾರಲೇ ಮಾತಾಡು” ಎಂದು ಒದರುತ್ತೇನೆ. “ಮಗ್ಗ ನಡದಾವು!”